ಮೊದಲ ಲಿಪ್‌ಸ್ಟಿಕ್‌ಗೆ ಎಷ್ಟು ವಯಸ್ಸಾಗಿರಬೇಕು?

ನಮ್ಮಲ್ಲಿ ಅನೇಕ ಹೆಣ್ಣುಮಕ್ಕಳು ಮೊದಲ ಸಲ ಮೇಕಪ್ ಹಾಕಿಸಿಕೊಳ್ಳುವುದು ನಾಲ್ಕೈದು ವರ್ಷಕ್ಕೇ. ಎಲ್‌ಕೆಜಿಯ ಸ್ಕೂಲ್ ಡೇಗೆ ಚಿಟ್ಟೆಯದೋ ನವಿಲಿನದೋ ಕುಣಿತವಿರುತ್ತದೆ. ಸಾಲಾಗಿ ನಿಂತ ಮಕ್ಕಳ ತುಟಿಗೆಲ್ಲ ಟೀಚರು ಒಂದೇ ಲಿಪ್‌ಸ್ಟಿಕ್ಕಿನಿಂದ ಬಣ್ಣ ಬಳಿಯುತ್ತಾರೆ, ಕೆನ್ನೆಗೂ ಅದನ್ನೇ ತಿಕ್ಕುತ್ತಾರೆ. ಮನೆಯವರು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಅದೇ ಹುಡುಗಿ ಎಂಟನೇ ಕ್ಲಾಸಿಗೆ ಬಂದು, ಚಿಕ್ಕಪ್ಪನ ಮದುವೆಗೆ ತುಸು ಲಿಪ್‌ಸ್ಟಿಕ್ ಹಚ್ಚಿಕೊಳ್ಳಲಾ ಎಂದು ಕೇಳಿದರೆ ದೊಡ್ಡವರ ಮುಖ ಬಿಗಿಯುತ್ತದೆ. ‘ಈಗಲೇ ಏನವಸರ?’ ಎಂಬ ಮಾತು ಬರುತ್ತದೆ.

ಈ ಬಿಗುವಿನಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಹೆಣೆದುಕೊಂಡಿವೆ. ಒಂದು, ಎಳೆಯ ಚರ್ಮಕ್ಕೆ ಹಾನಿಯಾದೀತೇ ಎಂಬುದು. ಇನ್ನೊಂದು, ಮಗಳು ಬೇಗ ದೊಡ್ಡವಳಾಗಿಬಿಟ್ಟಳೇ, ನೋಡಿದವರು ಏನೆಂದುಕೊಂಡಾರು ಎಂಬುದು. ಎರಡನೆಯದನ್ನು ಹೇಳಲು ಸಂಕೋಚವಾಗಿ ನಾವು ಸಾಮಾನ್ಯವಾಗಿ ಮೊದಲನೆಯದರ ಮರೆ ಹಿಡಿಯುತ್ತೇವೆ. ಚರ್ಮದ ವಿಷಯವನ್ನು ಮೊದಲು ಅದರಷ್ಟಕ್ಕೇ ತಿಳಿದುಕೊಂಡರೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಸ್ಪಷ್ಟವಾಗುತ್ತದೆ. ಕಾನೂನು ಇಲ್ಲಿ ನೆರವಿಗೆ ಬರುವುದಿಲ್ಲ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಾಗಲಿ, 2020ರ ಪ್ರಸಾಧನ ನಿಯಮಗಳಾಗಲಿ ವಸ್ತು ಹೇಗಿರಬೇಕು ಎಂದು ಹೇಳುತ್ತವೆಯೇ ಹೊರತು ಲಿಪ್‌ಸ್ಟಿಕ್ ಹಚ್ಚಲು ಇಂತಿಷ್ಟು ವಯಸ್ಸಾಗಿರಬೇಕು ಎಂದು ಹೇಳುವುದಿಲ್ಲ. ತೀರ್ಮಾನ ಮನೆಯದೇ.

ಹನ್ನೊಂದು–ಹನ್ನೆರಡರ ಸುಮಾರಿಗೆ, ಕೆಲವರಲ್ಲಿ ಇನ್ನೂ ಮೊದಲೇ, ದೇಹದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಗಂಡುಮಕ್ಕಳಲ್ಲಿ ಮಾತ್ರ ಇರುತ್ತವೆ ಎಂಬುದು ತಪ್ಪು ತಿಳಿವಳಿಕೆ. ಹೆಣ್ಣುಮಕ್ಕಳಲ್ಲೂ ಇರುತ್ತವೆ, ಪ್ರಮಾಣ ಕಡಿಮೆ. ಇವುಗಳ ಪ್ರಭಾವದಿಂದ ಕೂದಲ ಬುಡದಲ್ಲಿರುವ ಎಣ್ಣೆಯ ಗ್ರಂಥಿಗಳು ದೊಡ್ಡದಾಗಿ, ಹೆಚ್ಚು ಜಿಡ್ಡು ಸುರಿಸತೊಡಗುತ್ತವೆ. ಈ ಗ್ರಂಥಿಗಳು ಹಣೆ, ಮೂಗು, ಗಲ್ಲ, ಎದೆ, ಬೆನ್ನಿನಲ್ಲಿ ದಟ್ಟವಾಗಿರುತ್ತವೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕೋಶಗಳು ಸರಿಯಾಗಿ ಉದುರಿಹೋಗದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜಿಡ್ಡು ಮತ್ತು ಸತ್ತ ಕೋಶ ಸೇರಿ ಬಿರಡೆಯಂತಾಗಿ ರಂಧ್ರ ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ, ಚರ್ಮದ ಮೇಲೆ ಸಹಜವಾಗಿಯೇ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದೇಹ ಅದರ ವಿರುದ್ಧ ತಿರುಗಿಬಿದ್ದಾಗ ಆ ಜಾಗ ಕೆಂಪಾಗಿ ಉಬ್ಬುತ್ತದೆ. ಮೊಡವೆ ಎಂದರೆ ಇಷ್ಟೇ. ಅದು ಕೊಳೆಯಿಂದ ಬರುವುದಲ್ಲ. ಆದ್ದರಿಂದ ದಿನಕ್ಕೆ ಐದು ಸಲ ಸೋಪು ತಿಕ್ಕಿದರೆ ಹೋಗುವುದೂ ಇಲ್ಲ.

ಮೇಕಪ್ ಈ ಕಥೆಯೊಳಗೆ ಬರುವುದು ರಂಧ್ರ ಮುಚ್ಚುವ ಹಂತದಲ್ಲಿ. 1972ರಲ್ಲೇ ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ಮಿಲ್ಸ್, ಪ್ರಸಾಧನಗಳಿಂದಲೇ ಹುಟ್ಟುವ ಮೊಡವೆಗಳನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ದಪ್ಪನೆಯ ಫೌಂಡೇಶನ್, ಜಿಡ್ಡಿನ ಕ್ರೀಮು, ಒತ್ತಿ ಹಚ್ಚುವ ಕಾಂಪ್ಯಾಕ್ಟ್ ಈ ಕೆಲಸ ಮಾಡಬಲ್ಲವು. ನಮ್ಮ ಮನೆಗಳ ತೆಂಗಿನೆಣ್ಣೆಯೂ ಮಾಡಬಲ್ಲದು. ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಹುಡುಗಿಯ ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವುದನ್ನು ತಾಯಂದಿರು ಕಂಡೇ ಇರುತ್ತಾರೆ. ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುವುದೇ ಅನೇಕ ವೇಳೆ ಅದಕ್ಕೆ ಕಾರಣ. ಹದಿಮೂರರ ಹುಡುಗಿ ಫೌಂಡೇಶನ್ ಕೇಳುವುದು ಹೆಚ್ಚಾಗಿ ಮೊಡವೆ ಮುಚ್ಚಿಕೊಳ್ಳಲು. ಮುಚ್ಚಿದ್ದು ಮೊಡವೆ ಹೆಚ್ಚಿಸುತ್ತದೆ, ಹೆಚ್ಚಿದ್ದನ್ನು ಮುಚ್ಚಲು ಇನ್ನಷ್ಟು ಬೇಕಾಗುತ್ತದೆ. ಇಡೀ ಮುಖಕ್ಕೆ ಹಚ್ಚುವ ವಸ್ತುಗಳನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಹೇಳುವುದರ ಹಿಂದಿನ ಕಾರಣ ಇದು. ತುಟಿಯ ಕೆಂಪು ಭಾಗದಲ್ಲಿ ಕೂದಲ ಬುಡಗಳಿಲ್ಲ. ಹೀಗಾಗಿ ಈ ದೃಷ್ಟಿಯಿಂದ ನೋಡಿದರೆ, ನಾವು ಅತಿ ಹೆಚ್ಚು ಜಗಳವಾಡುವ ಲಿಪ್‌ಸ್ಟಿಕ್ಕೇ ಅತಿ ಕಡಿಮೆ ತೊಂದರೆಯದು.

ಅಲರ್ಜಿಯ ದಾರಿ ಬೇರೆ. ಚರ್ಮಕ್ಕೆ ಒಗ್ಗದ ವಸ್ತು ತಾಕಿದಾಗ ಎರಡು ರೀತಿಯ ತೊಂದರೆಯಾಗಬಹುದು. ಕೆಲವು ವಸ್ತುಗಳು ಹಚ್ಚಿದಾಗ ಉರಿಸುತ್ತವೆ, ತೊಳೆದರೆ ಕಡಿಮೆಯಾಗುತ್ತದೆ. ಅದು ಬರಿಯ ಕೆರಳಿಕೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆ ವಸ್ತುವನ್ನು ಶತ್ರುವೆಂದು ಕಲಿತುಕೊಳ್ಳುತ್ತದೆ. ಕಲಿಯಲು ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ಹಲವು ಬಾರಿ ಏನೂ ಆಗದಿರಬಹುದು. ಆದರೆ ಒಮ್ಮೆ ಕಲಿತದ್ದನ್ನು ಅದು ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಕಪ್ಪು ಮೆಹಂದಿ ಇದಕ್ಕೆ ಒಳ್ಳೆಯ ಉದಾಹರಣೆ. ಗೋರಂಟಿ ಸೊಪ್ಪಿಗೆ ಕಡುಗಪ್ಪು ಬಣ್ಣ ಕೊಡುವ ಗುಣವಿಲ್ಲ, ಅದರದು ಕೆಂಪು–ಕಂದು. ಅರ್ಧ ಗಂಟೆಯಲ್ಲಿ ಕಪ್ಪೇರುವ ಕೋನುಗಳಲ್ಲಿ ಅನೇಕ ವೇಳೆ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಇದು ತಲೆಗೂದಲ ಬಣ್ಣದಲ್ಲಿ ಬಳಸುವ ವಸ್ತು. ಹತ್ತನೇ ವಯಸ್ಸಿನಲ್ಲಿ ಮದುವೆಮನೆಯಲ್ಲಿ ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿಯಿಂದ ಈ ಅಲರ್ಜಿ ಬೇರೂರಿದರೆ, ನಲವತ್ತನೇ ವಯಸ್ಸಿನಲ್ಲಿ ಕೂದಲಿಗೆ ಬಣ್ಣ ಹಚ್ಚಿದ ದಿನ ಮುಖವೆಲ್ಲ ಊದಿಕೊಳ್ಳಬಹುದು. ಚಿಕ್ಕ ವಯಸ್ಸಿನಲ್ಲಿ ಕಡಿಮೆ ವಸ್ತುಗಳನ್ನು, ಸುವಾಸನೆ ಕಡಿಮೆ ಇರುವುದನ್ನು ಬಳಸಬೇಕು ಎಂಬ ಸಲಹೆಗೆ ಮುಖ್ಯ ಆಧಾರ ಇದೇ: ಸುಗಂಧದ್ರವ್ಯ ಮತ್ತು ಕೆಡದಂತೆ ಹಾಕುವ ಸಂರಕ್ಷಕಗಳೇ ಪ್ರಸಾಧನದ ಅಲರ್ಜಿಗೆ ಸಾಮಾನ್ಯ ಕಾರಣಗಳು. ಉಗುರುಬಣ್ಣದ ಅಲರ್ಜಿಗಂತೂ ಒಂದು ವಿಚಿತ್ರ ಗುಣವಿದೆ. ಅದು ಬೆರಳಿಗಿಂತ ಹೆಚ್ಚಾಗಿ ಕಣ್ಣಿನ ರೆಪ್ಪೆಯ ಮೇಲೆ, ಕತ್ತಿನ ಮೇಲೆ ಕಾಣಿಸಿಕೊಳ್ಳುತ್ತದೆ. ಕೈ ಆಗಾಗ ಹೋಗಿ ಮುಟ್ಟುವುದು ಅಲ್ಲಿಗೇ, ಅಲ್ಲಿನ ಚರ್ಮ ತೆಳುವೂ ಹೌದು. ರೆಪ್ಪೆಯ ತುರಿಕೆಗೆ ಕಾಡಿಗೆಯನ್ನು ದೂರುವ ಮುನ್ನ ಉಗುರನ್ನೂ ನೋಡಬೇಕು.

ಮನೆಯಲ್ಲಿ ಯಾರೂ ಮೇಕಪ್ ಎಂದು ಲೆಕ್ಕಕ್ಕೆ ಹಿಡಿಯದ ವಸ್ತುಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಒಂದು. ಪೇಟೆಯ ಪೊಟ್ಟಣದ ಕಡುಗೆಂಪು ಕುಂಕುಮ ಇನ್ನೊಂದು, ಅದರಲ್ಲಿ ಕೃತಕ ಬಣ್ಣವಿರಬಹುದು, ಅದು ಹಣೆಯಲ್ಲಿ ತುರಿಕೆ, ಕಪ್ಪು ಕಲೆ ತರಬಹುದು. ಸ್ಟಿಕರ್ ಬೊಟ್ಟಿನ, ಅಂದರೆ ಟಿಕಲಿಯ, ಅಂಟಿನಲ್ಲಿರುವ ಒಂದು ಬಗೆಯ ಫಿನಾಲ್ ರಾಸಾಯನಿಕ ಬಣ್ಣ ತಯಾರಿಸುವ ಕೋಶಗಳನ್ನೇ ಕೊಂದು ಹಣೆಯ ನಡುವೆ ಬಿಳಿ ಮಚ್ಚೆ ಮಾಡಬಲ್ಲದು ಎಂಬುದನ್ನು ಭಾರತದ ಚರ್ಮವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ದಿನವಿಡೀ ಒಂದೇ ಜಾಗದಲ್ಲಿ ಇಟ್ಟು, ರಾತ್ರಿಯೂ ತೆಗೆಯದಿದ್ದರೆ ಅಪಾಯ ಹೆಚ್ಚು.

ಕಾಡಿಗೆಯ ಮಾತು ಇನ್ನೂ ಸೂಕ್ಷ್ಮ. ಹರಳೆಣ್ಣೆಯ ಅಥವಾ ತುಪ್ಪದ ದೀಪದ ಮಸಿ ಹಿಡಿದು ಮನೆಯಲ್ಲಿ ಮಾಡುವ ಕಾಡಿಗೆ ಮೂಲತಃ ಇಂಗಾಲ. ಆದರೆ ಸುರ್ಮಾ ಎಂದು ಮಾರುವ ಕೆಲವು ಪುಡಿಗಳಲ್ಲಿ ಸೀಸದ ಅದಿರೇ ಮುಖ್ಯ ವಸ್ತು. ಕೈಗೆ ಮೆತ್ತಿದ್ದು ಬಾಯಿಗೆ ಹೋಗಿ ಸೀಸ ದೇಹ ಸೇರುತ್ತದೆ, ಬೆಳೆಯುವ ಮಕ್ಕಳ ಮಿದುಳಿಗೆ ಅದು ಅಲ್ಪ ಪ್ರಮಾಣದಲ್ಲೂ ಕೆಟ್ಟದ್ದು. ಕಂಪನಿಯ ಹೆಸರಾಗಲಿ ವಿಳಾಸವಾಗಲಿ ಇಲ್ಲದ ಡಬ್ಬಿಯನ್ನು ಜಾತ್ರೆಯಲ್ಲಿ ಕೊಂಡು ತಂದರೆ, ಒಳಗಿರುವುದು ಮಸಿಯೋ ಸೀಸವೋ ತಿಳಿಯುವ ಬಗೆಯಿಲ್ಲ. ಹಚ್ಚುವ ಜಾಗವೂ ಮುಖ್ಯ. ರೆಪ್ಪೆಯ ಒಳಅಂಚಿನಲ್ಲಿ ಸಾಲಾಗಿ ಎಣ್ಣೆಯ ಸಣ್ಣ ಗ್ರಂಥಿಗಳಿವೆ. ಕಣ್ಣೀರು ಬೇಗ ಆರದಂತೆ ತಡೆಯುವ ಜಿಡ್ಡಿನ ಪೊರೆಯನ್ನು ಅವೇ ಕೊಡುತ್ತವೆ. ಅಲ್ಲಿ ದಿನವೂ ಪೆನ್ಸಿಲ್ ಎಳೆದರೆ ಬಾಯಿಗಳು ಮುಚ್ಚಿ ಕಣ್ಣು ಒಣಗುವುದು, ಕೆಂಪಾಗುವುದು, ರೆಪ್ಪೆಯಂಚಿನಲ್ಲಿ ಕುರು ಏಳುವುದು ಆಗುತ್ತದೆ. ರೆಪ್ಪೆಗೂದಲ ಹೊರಗಡೆ ಎಳೆದರೆ ಕಣ್ಣಿನ ಅಂದ ಅಷ್ಟೇ ಕಾಣುತ್ತದೆ, ತೊಂದರೆ ಕಡಿಮೆ. ಇನ್ನು ಗೆಳತಿಯರು ಒಂದೇ ಕಾಡಿಗೆ ಪೆನ್ಸಿಲನ್ನು ಹಂಚಿಕೊಳ್ಳುವುದು ‘ಮದ್ರಾಸ್ ಐ’ ಹರಡಲು ಸುಲಭ ದಾರಿ. ಹಂಚಿಕೊಂಡ ಲಿಪ್‌ಸ್ಟಿಕ್ಕಿನಿಂದ ತುಟಿಯ ಮೇಲೆ ನೀರುಗುಳ್ಳೆ ತರುವ ಹರ್ಪಿಸ್ ವೈರಾಣು ಹರಡಬಹುದು. ಸ್ಕೂಲ್ ಡೇಯ ಆ ಒಂದೇ ಲಿಪ್‌ಸ್ಟಿಕ್ಕನ್ನು ಆಕ್ಷೇಪಿಸಬೇಕಾದ್ದು ಈ ಕಾರಣಕ್ಕೆ.

ಹಾಗಾದರೆ ಯಾವಾಗ? ಹುಟ್ಟುಹಬ್ಬದ ತಾರೀಖಿಗಿಂತ ಒಂದು ಸಾಮರ್ಥ್ಯವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ: ಹಚ್ಚಿದ್ದನ್ನು ಮಲಗುವ ಮುನ್ನ ತಾನೇ, ಯಾರೂ ನೆನಪಿಸದೆ, ಪೂರ್ತಿ ತೆಗೆಯಬಲ್ಲಳೇ? ಹಚ್ಚುವುದನ್ನು ವಿಡಿಯೊ ನೋಡಿ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ತೆಗೆಯುವುದನ್ನು ಕಲಿಸುವವರು ಕಡಿಮೆ. ಬಣ್ಣಗಳು ಬಹುಪಾಲು ಎಣ್ಣೆ–ಮೇಣದಲ್ಲಿ ಕಲಸಿದವು, ಬರೀ ನೀರಿಗೆ ಬಿಡುವುದಿಲ್ಲ. ಯಕ್ಷಗಾನದ ಕಲಾವಿದರು ಬೆಳಗಿನ ಜಾವ ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವುದು ಇದಕ್ಕೇ. ಎಣ್ಣೆಯ ಬಣ್ಣವನ್ನು ಎಣ್ಣೆಯೇ ಕರಗಿಸುತ್ತದೆ. ಹುಡುಗಿಯೂ ಹಾಗೆಯೇ ಮಾಡಬಹುದು, ಆದರೆ ಆಮೇಲೆ ಸೌಮ್ಯವಾದ ಫೇಸ್‌ವಾಶ್‌ನಿಂದ ಆ ಎಣ್ಣೆಯನ್ನೂ ತೊಳೆಯಬೇಕು, ಇಲ್ಲದಿದ್ದರೆ ಮೊಡವೆಗೆ ಆಹಾರವಾಗುತ್ತದೆ.

ಈ ಅಳತೆಯಿಂದ ನೋಡಿದರೆ ಹನ್ನೊಂದು–ಹನ್ನೆರಡರ ಹೊತ್ತಿಗೆ ಮುಖ ತೊಳೆಯುವ ಶಿಸ್ತು, ಲಿಪ್ ಬಾಮ್, ಬಿಸಿಲಿಗೆ ಸನ್‌ಸ್ಕ್ರೀನ್ ಬರಬಹುದು. ಹದಿಮೂರು–ಹದಿನಾಲ್ಕರಲ್ಲಿ ಹಬ್ಬ, ಮದುವೆ, ಗೆಳತಿಯ ಹುಟ್ಟುಹಬ್ಬಕ್ಕೆ ತಿಳಿಬಣ್ಣದ ಲಿಪ್‌ಸ್ಟಿಕ್, ಕಾಡಿಗೆ ಅಡ್ಡಿಯಿಲ್ಲ. ಇಡೀ ಮುಖದ ಫೌಂಡೇಶನ್ ಪಿಯುಸಿಯ ತನಕ ಕಾಯಬಹುದು, ಕಾದರೆ ಚರ್ಮಕ್ಕೇ ಲಾಭ. ಭರತನಾಟ್ಯ ಕಲಿಯುವ ಹುಡುಗಿ ರಂಗದ ಮೇಲೆ ಇದಕ್ಕೂ ಮೊದಲೇ ಹಚ್ಚಬೇಕಾಗುತ್ತದೆ. ವರ್ಷಕ್ಕೆ ಕೆಲವು ಸಲ, ಚೆನ್ನಾಗಿ ತೆಗೆದರೆ, ಅದರಿಂದ ಏನೂ ಕೆಡುವುದಿಲ್ಲ. ಶಾಲೆಯ ನಿಯಮ ಶಾಲೆಯದು, ಅದನ್ನು ಪಾಲಿಸಿದರೆ ಮುಗಿಯಿತು.

ಕೊಳ್ಳುವಾಗ ನೋಡಬೇಕಾದ್ದು ಬೆಲೆಯನ್ನಲ್ಲ, ಲೇಬಲ್ಲನ್ನು. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಉತ್ಪಾದನಾ ಲೈಸೆನ್ಸ್ ಸಂಖ್ಯೆ, ಬಳಕೆಯ ಕೊನೆಯ ತಾರೀಖು, ಪದಾರ್ಥಗಳ ಪಟ್ಟಿ ಇವೆಲ್ಲ ಇರಬೇಕು. ಆಮದಾಗಿದ್ದರೆ ನೋಂದಣಿ ಸಂಖ್ಯೆ. ಅನೇಕ ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಒಂದು ಪುಟ್ಟ ಚಿತ್ರವಿದ್ದು ಅದರಲ್ಲಿ 6 ಅಥವಾ 12 ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ಹೊಸದನ್ನು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಚೂರು ಹಚ್ಚಿ ಎರಡು ದಿನ ನೋಡಬೇಕು. ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವುದರಿಂದ ಎರಡು ದಿನ ಬೇಕು, ಒಂದು ಗಂಟೆ ಸಾಲದು.

ಇಷ್ಟು ಹೊತ್ತು ಹೇಳಿದ್ದು ಚರ್ಮದ ಮೇಲೆ ಕುಳಿತು, ತೊಳೆದರೆ ಹೋಗುವ ವಸ್ತುಗಳ ಮಾತು. ಚರ್ಮದೊಳಗೆ ಇಳಿದು ಅದನ್ನೇ ಬದಲಿಸಲು ಮಾಡಿದ ವಸ್ತುಗಳು ಬೇರೆ. ವಯಸ್ಸಾದವರ ಸುಕ್ಕಿಗೆಂದು ತಯಾರಾದ ರೆಟಿನಾಲ್, ಮೇಲ್ಪದರವನ್ನು ಕರಗಿಸುವ ಹಣ್ಣಿನ ಆಮ್ಲಗಳು ಈಗ ಹನ್ನೆರಡರ ಮಕ್ಕಳ ಕೈಗೆ ಬಂದಿವೆ. 7ರಿಂದ 18 ವರ್ಷದವರು ಟಿಕ್‌ಟಾಕ್‌ನಲ್ಲಿ ಹಾಕಿದ 100 ವಿಡಿಯೊಗಳನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಒಬ್ಬೊಬ್ಬರೂ ಸರಾಸರಿ ಆರು ವಸ್ತುಗಳನ್ನು ಮುಖಕ್ಕೆ ಹಚ್ಚುತ್ತಿದ್ದರು, ಆದರೆ ಹಗಲಿನ ಆರೈಕೆಯಲ್ಲಿ ಸನ್‌ಸ್ಕ್ರೀನ್ ಇದ್ದದ್ದು ಕಾಲು ಭಾಗದಷ್ಟರಲ್ಲಿ ಮಾತ್ರ. ಈ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮಗೊಳಿಸುವುದರಿಂದ ಇದು ಎರಡು ಪಟ್ಟು ತಪ್ಪು. ಸ್ವೀಡನ್ನಿನ ಒಂದು ಔಷಧಿ ಅಂಗಡಿ ಸರಣಿ 2024ರಲ್ಲಿ, ಪಾಲಕರ ಒಪ್ಪಿಗೆಯಿಲ್ಲದೆ 15 ವರ್ಷದೊಳಗಿನವರಿಗೆ ಇಂಥವನ್ನು ಮಾರುವುದನ್ನು ನಿಲ್ಲಿಸಿತು.

ನಮ್ಮಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಆಳದ ಸಮಸ್ಯೆ ಬಿಳುಪಿನ ಕ್ರೀಮು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಕೋಶಗಳನ್ನು ಕಾಯುವುದು ಅದರ ಕೆಲಸ. ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಈ ಕಿಣ್ವದ ಕೈಕಟ್ಟುತ್ತವೆ, ಹಾಗಾಗಿ ಬಣ್ಣ ನಿಜವಾಗಿಯೂ ತಿಳಿಯಾಗುತ್ತದೆ. ಆದರೆ ಪಾದರಸ ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವೈದ್ಯರು ಅಪರೂಪದ ಒಂದು ಮೂತ್ರಪಿಂಡದ ಕಾಯಿಲೆ ಒಬ್ಬರ ಹಿಂದೊಬ್ಬರಲ್ಲಿ ಕಾಣಿಸುತ್ತಿರುವುದನ್ನು ಗಮನಿಸಿ ಹಿಂದೆ ಹಿಂದೆ ಕೇಳುತ್ತಾ ಹೋದಾಗ, ಆ ರೋಗಿಗಳಲ್ಲಿ ಅನೇಕರು ಬಿಳುಪಿನ ಕ್ರೀಮು ಬಳಸಿದ್ದು ತಿಳಿಯಿತು. ನಮ್ಮ 2020ರ ನಿಯಮಗಳ ಪ್ರಕಾರ, ಕಣ್ಣಿನ ಪ್ರಸಾಧನಗಳನ್ನು ಬಿಟ್ಟರೆ, ಉದ್ದೇಶವಿಲ್ಲದೆ ಬೆರೆತ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಆದರೂ ತಯಾರಕರ ವಿವರವೇ ಇಲ್ಲದ ಡಬ್ಬಿಗಳು ಫ್ಯಾನ್ಸಿ ಸ್ಟೋರುಗಳಿಗೂ ಫೋನಿನ ಮಾರಾಟಕ್ಕೂ ಬರುತ್ತಲೇ ಇವೆ.

ಇಂಥ ಎರಡನೆಯ ಸಮಸ್ಯೆ ಸ್ಟೀರಾಯ್ಡ್ ಇರುವ ಮುಲಾಮು. ಮೊಡವೆಗೆಂದು, ಕಲೆಗೆಂದು ಪಕ್ಕದ ಮನೆಯವರು ಹೇಳಿದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮೆಡಿಕಲ್ ಶಾಪಿನಿಂದ ತರುವ ಟ್ಯೂಬು ಇದು. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತ ತಗ್ಗಿಸುತ್ತದೆ. ಮೊದಲ ವಾರ ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ಸಣ್ಣ ನಾಳಗಳು ಕಾಣತೊಡಗುತ್ತವೆ, ಬೇಡದ ಕೂದಲು ಬರುತ್ತದೆ, ಬಿಟ್ಟ ಕೂಡಲೇ ಮೊಡವೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಹೆದರಿದ ಹುಡುಗಿ ಮತ್ತೆ ಅದನ್ನೇ ಹಚ್ಚುತ್ತಾಳೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಚೀಟಿಯಿಲ್ಲದೆ ಸಿಗುವುದು ಇನ್ನೂ ನಿಂತಿಲ್ಲ. ಮೂರು ತಿಂಗಳಾದರೂ ತಗ್ಗದ, ಕುಳಿ ಬೀಳುವ ಮೊಡವೆಗೆ ಚರ್ಮವೈದ್ಯರ ಬಳಿ ಒಳ್ಳೆಯ ಚಿಕಿತ್ಸೆಯಿದೆ, ಆ ಭೇಟಿಗೆ ಮೇಕಪ್ ಬದಲಿಯಾಗಲಾರದು.

ಹದಿಹರೆಯದ ಮನಸ್ಸಿನ ಬಗ್ಗೆಯೂ ಒಂದು ಮಾತು ತಿಳಿದಿರಬೇಕು. ಈ ವಯಸ್ಸಿನವರಿಗೆ ತಮ್ಮನ್ನು ಎಲ್ಲರೂ ಸದಾ ನೋಡುತ್ತಿದ್ದಾರೆ ಎನ್ನಿಸುತ್ತದೆ. ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು ಕಾಲ್ಪನಿಕ ಪ್ರೇಕ್ಷಕವರ್ಗ ಎಂದು ವಿವರಿಸಿದರು. ಗಲ್ಲದ ಮೇಲಿನ ಒಂದು ಮೊಡವೆಗೆ ಮಗಳು ಬಸ್ ಸ್ಟಾಪಿಗೆ ಹೋಗಲಾರೆನೆಂದು ಅತ್ತರೆ ಅದು ನಾಟಕವಲ್ಲ, ಅವಳಿಗೆ ಆ ನೋಟಗಳು ನಿಜ. ಈಗ ಅದರ ಮೇಲೆ ಫೋನಿನ ಕ್ಯಾಮೆರಾ ಸೇರಿದೆ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದಿಂದ ತೆಗೆದ ಫೋಟೊಗಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರ ಒಂದು ಅಧ್ಯಯನ ಲೆಕ್ಕ ಹಾಕಿ ತೋರಿಸಿದೆ. ಹುಡುಗಿ ದಿನವೂ ನೋಡಿ ಬೇಸರಪಡುವ ಮುಖ ಬೇರೆ ಯಾರಿಗೂ ಕಾಣದ ಮುಖ. ಇದನ್ನು ಅವಳ ಮುಂದೆಯೇ ಎರಡು ಫೋಟೊ ತೆಗೆದು ತೋರಿಸಬಹುದು.

ಆದ್ದರಿಂದ ಅನುಮತಿಯ ಪ್ರಶ್ನೆಗಿಂತ ಕಾರಣದ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ. ಬಣ್ಣ ಇಷ್ಟವಾಗಿ, ಹಬ್ಬದ ಖುಷಿಗೆ, ಗೆಳತಿಯರ ಜೊತೆ ಆಟವಾಗಿ ಹಚ್ಚಿಕೊಳ್ಳುವ ಹುಡುಗಿಯನ್ನು ತಡೆಯಲು ನನಗೆ ಒಂದು ಕಾರಣವೂ ಸಿಗುವುದಿಲ್ಲ. ಬಳೆ, ಮಲ್ಲಿಗೆ, ಮದರಂಗಿ ಇಷ್ಟಪಟ್ಟ ಅಜ್ಜಿಯ ಆಸೆಗೂ ಅವಳ ಆಸೆಗೂ ವ್ಯತ್ಯಾಸವಿಲ್ಲ. ಬಿಗಿಯಾಗಿ ಬೇಡವೆಂದರೆ ಅವಳು ಬ್ಯಾಗಿನಲ್ಲಿ ಅಡಗಿಸಿ, ಗೆಳತಿಯದನ್ನು ಹಂಚಿಕೊಂಡು, ಮನೆಗೆ ಬರುವ ಮುನ್ನ ದುಪಟ್ಟಾದಿಂದ ತಿಕ್ಕಿ ಒರೆಸಿಕೊಳ್ಳುತ್ತಾಳೆ. ಚರ್ಮಕ್ಕೆ ಕೆಟ್ಟದ್ದೆಲ್ಲ ಅದರಲ್ಲೇ ಇದೆ. ತಾನು ಹೀಗಿರುವುದೇ ತಪ್ಪು ಎಂದುಕೊಂಡು ಹಚ್ಚುವ ಹುಡುಗಿಯ ಬಗ್ಗೆ ಮಾತ್ರ ನನಗೆ ಆತಂಕವಿದೆ, ಮತ್ತು ಆ ಪಾಠವನ್ನು ಅವಳಿಗೆ ಫೋನು ಕಲಿಸುವ ಮೊದಲೇ ಮನೆ ಕಲಿಸಿರುತ್ತದೆ. ಬಿಳುಪಿನ ಕ್ರೀಮುಗಳಲ್ಲಿ ಅತಿ ಪ್ರಸಿದ್ಧವಾದದ್ದು 1975ರಲ್ಲಿ ಮಾರುಕಟ್ಟೆಗೆ ಬಂತು. ಹೆಸರಿನಿಂದ ‘ಫೇರ್’ ಬಿಟ್ಟದ್ದು 2020ರಲ್ಲಿ. ಆ ನಲವತ್ತೈದು ವರ್ಷಗಳಲ್ಲಿ ಬೆಳೆದವರೇ ಇಂದಿನ ತಾಯಂದಿರು, ಅತ್ತೆಯಂದಿರು, ಚಿಕ್ಕಮ್ಮಂದಿರು. ಲಿಪ್‌ಸ್ಟಿಕ್ ಬೇಡವೆಂದು ಹಟ ಹಿಡಿದ ಮನೆಯೇ, ಬೇಸಿಗೆ ರಜೆಯಲ್ಲಿ ಆಡಿ ಬಂದ ಮಗಳಿಗೆ ‘ಎಷ್ಟು ಕಪ್ಪಾಗಿಬಿಟ್ಟಿದ್ದೀಯೇ’ ಎಂದು ಹೇಳಿ ಕ್ರೀಮಿನ ಟ್ಯೂಬು ಕೈಗಿಡುತ್ತದೆ. ಆ ಟ್ಯೂಬನ್ನು ಮನೆಯಿಂದ ಹೊರಗಿಡುವುದು, ಮದುವೆಮನೆಯಲ್ಲಿ ಯಾರಾದರೂ ಮಗಳ ಬಣ್ಣದ ಮಾತೆತ್ತಿದಾಗ ಅವಳಿಗೆ ಕೇಳುವಂತೆಯೇ ‘ಅತ್ತೆ, ನಮ್ಮ ಹುಡುಗಿಯ ಬಣ್ಣದ ಮಾತು ಬೇಡ’ ಎಂದು ಅಮ್ಮನೋ ಅಪ್ಪನೋ ಹೇಳುವುದು ಈ ವಿಷಯದಲ್ಲಿ ಮನೆ ಮಾಡಬಹುದಾದ ಮೊದಲ ಕೆಲಸ. ಅದಾದ ಮೇಲೆ ಅವಳನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಲೇಬಲ್ಲನ್ನು ಅವಳಿಂದಲೇ ಓದಿಸಿ, ಅವಳು ಮೆಚ್ಚಿದ ಬಣ್ಣದ ಒಂದು ಲಿಪ್‌ಸ್ಟಿಕ್ ಕೊಡಿಸಬಹುದು.